ಬೆಳಕಿನಿಂದ ಹಿಂದಕ್ಕೆ ಎಣಿಸಿ: ಮರುಭೂಮಿಯ ಕಲ್ಲು ನೋಡಲು ಹೊರಟವರಿಗೆ

(ಶಿರಸಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಸಹಸ್ರಲಿಂಗ ನೋಡದವರು ಈ ಸಭೆಯಲ್ಲಿ ಇರಲಿಕ್ಕಿಲ್ಲ. ಶಾಲ್ಮಲೆಯ ನೀರು ಇಳಿದ ಮೇಲೆ, ಫೆಬ್ರವರಿಯಲ್ಲೋ ಮಾರ್ಚಿನಲ್ಲೋ, ಮಧ್ಯಾಹ್ನ ಹನ್ನೆರಡಕ್ಕೆ ಒಮ್ಮೆ, ಅದೇ ದಿನ ಸಂಜೆ ಐದೂವರೆಗೆ ಇನ್ನೊಮ್ಮೆ, ಒಂದೇ ಬಂಡೆಯ ಎದುರು ನಿಂತು ನೋಡಿ. ಮಧ್ಯಾಹ್ನ ಕಣ್ಣಿಗೆ ಬೀಳುವುದು ಉಬ್ಬಿ ನಿಂತ ಲಿಂಗ, ಬಸವ ಅಷ್ಟೇ. ಸಂಜೆಗೆ ಸವೆದ ಪಾಣಿಪೀಠದ ಅಂಚು ಕಾಣುತ್ತದೆ, ಬಸವನ ಕೊರಳ ಗೀರು ಕಾಣುತ್ತದೆ, ನೀರು ತಿಕ್ಕಿ ಮುಕ್ಕಾಲು ಅಳಿಸಿದ ಗುರುತುಗಳೂ ಎದ್ದು ಬರುತ್ತವೆ. ಬಂಡೆ ಅದೇ. ಬಿಸಿಲು ಓರೆಯಾಗಿದೆ, ಅಷ್ಟೇ ವ್ಯತ್ಯಾಸ.

ಇವತ್ತು ಹೇಳಬೇಕಾದ ಮಾತೆಲ್ಲ ಇದರ ಸುತ್ತಲೇ ಇದೆ. ಕಲ್ಲಿನ ಮೇಲಿನ ಚಿತ್ರವಾಗಲಿ, ಕಲ್ಲಾದ ಮರ-ಚಿಪ್ಪಾಗಲಿ, ಅದು ಓದಿಸಿಕೊಳ್ಳುವ ಹೊತ್ತು ದಿನಕ್ಕೆ ಎರಡೋ ಮೂರೋ ತಾಸು. ರಾಜಸ್ಥಾನದ ಮರುಭೂಮಿಯ ಜೈಸಲ್ಮೇರ್‌ವರೆಗೆ ಹೋಗಿ ಮಟ ಮಟ ಮಧ್ಯಾಹ್ನ ಕಲ್ಲಿನ ಎದುರು ನಿಂತರೆ ಕಾಣುವುದು ಬಿಳುಚಿದ ಬಂಡೆ ಮಾತ್ರ. ಹಾಗಾಗಿ ಎಲ್ಲಿಗೆ, ಯಾವ ರಸ್ತೆ, ಎಷ್ಟು ನೀರು, ಟಯರಿಗೆ ಎಷ್ಟು ಗಾಳಿ ಎನ್ನುವ ಲೆಕ್ಕವನ್ನು ಮನೆಯಿಂದ ಮುಂದಕ್ಕೆ ಹಾಕಬಾರದು. ಕಲ್ಲಿನ ಮೇಲೆ ಬೆಳಕು ಬೀಳುವ ಹೊತ್ತಿನಿಂದ ಹಿಂದಕ್ಕೆ ಹಾಕಬೇಕು.

ಮೊದಲು ಒಂದು ಪ್ರಶ್ನೆ ಮುಗಿಸಿಬಿಡೋಣ. ನಮ್ಮ ಜಿಲ್ಲೆಯಲ್ಲಿ ಪಳೆಯುಳಿಕೆ ಯಾಕೆ ಸಿಗುವುದಿಲ್ಲ? ಚಿಪ್ಪು, ಮೂಳೆ ಇರುವ ಪ್ರಾಣಿಗಳ ಗುರುತು ಕಲ್ಲಿನಲ್ಲಿ ಧಾರಾಳವಾಗಿ ಸಿಗತೊಡಗುವುದು ಸುಮಾರು 54 ಕೋಟಿ ವರ್ಷಗಳ ಈಚೆಗೆ. ನಮ್ಮ ನೆಲದಡಿಯ ಬಂಡೆ ಧಾರವಾಡ ಶಿಲಾಸಮೂಹದ ಕಾಲದ್ದು, 250 ಕೋಟಿ ವರ್ಷಕ್ಕೂ ಹಳೆಯದು. ಯಾಣದ ಕರಿ ಶಿಖರಗಳು ಸುಣ್ಣಕಲ್ಲೇ ಆದರೂ ಅದರಲ್ಲಿ ಶಂಖ ಹುಡುಕಿ ಪ್ರಯೋಜನವಿಲ್ಲ. ಆ ಕಲ್ಲು ಕೂತಾಗ ಶಂಖ ಮಾಡುವ ಜೀವಿಯೇ ಇರಲಿಲ್ಲ. ಮೇಲಿನ ಚಿರೇಕಲ್ಲಂತೂ ಹಳೆ ಬಂಡೆ ಮಳೆಗೆ ಕೊಳೆತು ಆದದ್ದು. ಅದರ ತೂತು, ಸುರುಳಿ, ಕೊಳವೆಗಳನ್ನು ಹುಳದ ಪಳೆಯುಳಿಕೆ ಎಂದು ತಿಳಿದು ಜೋಪಾನ ಮಾಡಿದವರು ಬೇಸರಿಸಬೇಡಿ.

ಘಟ್ಟದ ಮೇಲಿನವರಿಗೆ ಹತ್ತಿರದ ಪಳೆಯುಳಿಕೆ ಬೇಕೆಂದರೆ ಬಾಗಲಕೋಟೆ–ಲೋಕಾಪುರದ ಕಡೆ ಹೋಗಬೇಕು. ಅಲ್ಲಿನ ಕಲಾದಗಿ ಶಿಲಾಸ್ತರದ ಸುಣ್ಣಕಲ್ಲಿನಲ್ಲಿ ಸ್ಟ್ರೊಮ್ಯಾಟೊಲೈಟ್‌ಗಳಿವೆ. ನೂರು ಕೋಟಿ ವರ್ಷಕ್ಕೂ ಹಿಂದೆ, ಆಳವಿಲ್ಲದ ಕಡಲಿನಲ್ಲಿ ಸೂಕ್ಷ್ಮಜೀವಿಗಳು ಪದರದ ಮೇಲೆ ಪದರ ಕಟ್ಟಿದ್ದು. ಈರುಳ್ಳಿಯನ್ನು ಅಡ್ಡ ಕೊಯ್ದಂತೆ ಕಾಣುತ್ತದೆ. ಕಣ್ಣು ಪಳಗಲಿಕ್ಕೆ ಒಳ್ಳೆಯ ಜಾಗ.

ಚಿತ್ರಕ್ಕೆ ಕಣ್ಣು ಪಳಗಿಸಬೇಕೆಂದರೆ ಕಾರವಾರದಿಂದ ಕಾಣಕೋಣದ ಮೇಲೆ ಹಾಯ್ದು ಗೋವಾದ ಒಳನಾಡಿಗೆ, ರಿವಣದ ಹತ್ತಿರ ಕುಶಾವತಿ ಹೊಳೆಯ ದಂಡೆಯ ಉಸ್ಗಾಳಿಮಳಕ್ಕೆ ಹೋಗಿ. ಪನ್ಸಾಯಮಳ ಎಂದೂ ಅನ್ನುತ್ತಾರೆ. ಹೊಳೆಯಂಚಿನ ಚಿರೇಕಲ್ಲಿನ ಹಾಸಿನ ಮೇಲೆ ಗೂಳಿ, ಜಿಂಕೆ, ಮನುಷ್ಯ, ಸುತ್ತಿ ಸುತ್ತಿ ಒಳಕ್ಕೆ ಹೋಗುವ ಚಕ್ರವ್ಯೂಹ, ಹೀಗೆ ನೂರಕ್ಕೂ ಹೆಚ್ಚು ಗೀರುಚಿತ್ರಗಳು. 1993ರಲ್ಲಿ ಊರವರ ಮಾತಿನಿಂದ ಹೊರಜಗತ್ತಿಗೆ ತಿಳಿಯಿತು. ರತ್ನಾಗಿರಿ ಜಿಲ್ಲೆಯ ಕಾಶೇಳಿ, ಉಕ್ಷಿ, ಬಾರಸೂ ಮುಂತಾದ ಕೊಂಕಣದ ಗೀರುಚಿತ್ರಗಳ ಜೊತೆ ಇದೂ ಸೇರಿ 2022ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಹೋಗಿದೆ. ಮಳೆಗಾಲದಲ್ಲಿ ಹೊಳೆ ಉಕ್ಕಿ ಹಾಸಿನ ಮೇಲೆ ಕೆಸರು ಕೂರುತ್ತದೆ, ಡಿಸೆಂಬರಿನಿಂದ ಮೇಲೆ ಹೋಗುವುದು ಲೇಸು. ಬೆಳಿಗ್ಗೆ ಹನ್ನೊಂದಕ್ಕೆ ಹೋದವರು ‘ಏನೂ ಇಲ್ಲ ಮಾರಾಯ್ರೇ’ ಎಂದು ಬರುತ್ತಾರೆ. ಸಂಜೆ ಹೋದವರಿಗೆ ಗೂಳಿಯ ಕೊಂಬು ತನ್ನಷ್ಟಕ್ಕೆ ಕಾಣುತ್ತದೆ.

ಈ ಓರೆ ಬಿಸಿಲಿನ ಲೆಕ್ಕ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮಲಗಿದ ಹಾಸುಬಂಡೆಯ ಮೇಲೆ 3 ಮಿ.ಮೀ. ಆಳದ ಒಂದು ಗೀರು ಇದೆ ಎನ್ನಿ. ಸೂರ್ಯ ದಿಗಂತದಿಂದ 60 ಡಿಗ್ರಿ ಮೇಲಿದ್ದರೆ ಗೀರಿನ ಅಂಚಿನ ನೆರಳು 2 ಮಿ.ಮೀ. ಕೂಡ ಇರುವುದಿಲ್ಲ. 15 ಡಿಗ್ರಿಗೆ ಇಳಿದರೆ ಅದೇ ಅಂಚು 11 ಮಿ.ಮೀ. ನೆರಳು ಚಾಚುತ್ತದೆ. ಗೀರು ಪೂರ್ತಿ ಕಪ್ಪಾಗಿ, ಮಸಿಯಲ್ಲಿ ಬರೆದ ಗೆರೆಯಾಗುತ್ತದೆ. ಡಿಗ್ರಿ ಅಳೆಯಲು ಉಪಕರಣ ಬೇಡ. ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿಗೆ ಸುಮಾರು 10 ಡಿಗ್ರಿ. ದಿಗಂತದ ಮೇಲೆ ಎರಡು ಮುಷ್ಟಿಯೊಳಗೆ ಸೂರ್ಯ ಇದ್ದರೆ ನಿಮ್ಮ ಹೊತ್ತು. ಡಿಸೆಂಬರಿನಲ್ಲಿ ಜೈಸಲ್ಮೇರ್‌ನಲ್ಲಿ ಸೂರ್ಯ ಹುಟ್ಟಿದ ಮೇಲೆ ಗಂಟೆಗೆ ಹೆಚ್ಚುಕಡಿಮೆ 11 ಡಿಗ್ರಿ ಏರುತ್ತಾನೆ. ಅಂದರೆ ಬೆಳಿಗ್ಗೆ ಒಂದೂಮುಕ್ಕಾಲು ತಾಸು, ಸಂಜೆ ಅಷ್ಟೇ. ಅಲ್ಲಿ ಹೊತ್ತು ಮೂಡುವುದು ಶಿರಸಿಗಿಂತ ಅರ್ಧ ತಾಸು ತಡ, ಏಳೂಕಾಲು ದಾಟುತ್ತದೆ. ಮುಳುಗುವುದು ಆರರ ಒಳಗೆ. ಇಲ್ಲಿಯ ಗಡಿಯಾರದ ಅಂದಾಜಿನಲ್ಲಿ ಹೊರಟರೆ ಬೆಳಿಗ್ಗೆ ಕತ್ತಲಲ್ಲಿ ಕೂತು ಕಾಯುತ್ತೀರಿ, ಸಂಜೆ ಕತ್ತಲಲ್ಲಿ ದಾರಿ ಹುಡುಕುತ್ತೀರಿ.

ಆದರೆ ಎಲ್ಲ ಚಿತ್ರಕ್ಕೂ ಓರೆ ಬಿಸಿಲು ಬೇಡ, ಇಲ್ಲಿ ಬಹಳ ಜನ ಎಡವುತ್ತಾರೆ. ಕೊರೆದ ಗೀರಿಗೆ ಓರೆ ಬಿಸಿಲು ಬೇಕು. ಕುಟ್ಟಿ ಮಾಡಿದ ಚಿತ್ರಕ್ಕೆ ಬೇಡ. ಬಳ್ಳಾರಿ ಹತ್ತಿರದ ಕಪ್ಪಗಲ್ಲಿನಲ್ಲಿ ಡಾಲರೈಟ್ ಬಂಡೆಯ ಕಪ್ಪು ಮೈಯನ್ನು ಕಲ್ಲಿನಿಂದ ಕುಟ್ಟಿ ಒಳಗಿನ ಮಾಸಲು ಬಣ್ಣ ಹೊರಗೆ ತಂದಿದ್ದಾರೆ. ಇಣಿಯ, ಉದ್ದ ಕೊಂಬಿನ ಎತ್ತುಗಳು ಸಾಲು ಸಾಲು. 1892ರಷ್ಟು ಹಿಂದೆಯೇ ಇವು ವಿದ್ವಾಂಸರ ಗಮನಕ್ಕೆ ಬಂದಿದ್ದವು. ಅಲ್ಲಿ ಆಳ ಕಡಿಮೆ, ಎದ್ದು ಕಾಣುವುದು ಬಣ್ಣದ ಅಂತರ. ಬಿಸಿಲು ನೇರ ಬಿದ್ದರೆ ಕಪ್ಪು ಕಲ್ಲು ಕನ್ನಡಿಯಂತೆ ಹೊಳೆದು ಅಂತರ ಅಳಿಸಿಹೋಗುತ್ತದೆ. ಮೋಡದ ದಿನ ಅಥವಾ ನೆರಳು ಒಳ್ಳೆಯದು. ಮೋಡ ಇಲ್ಲದಿದ್ದರೆ ಇಬ್ಬರು ಬಿಳಿ ಪಂಚೆಯ ನಾಲ್ಕು ಮೂಲೆ ಹಿಡಿದು ಬಂಡೆಗೆ ನೆರಳು ಮಾಡಿ. ಈ ಕೆಲಸಕ್ಕೆ ಪಂಚೆಯಂಥ ಸಾಮಾನು ಇನ್ನೊಂದಿಲ್ಲ. ನೆರಳು ಕೊಡುತ್ತದೆ, ಬೆಳಕನ್ನು ಸೋಸುತ್ತದೆ, ಚಳಿಗೆ ಹೊದೆಯಲೂ ಬರುತ್ತದೆ.

ಮೂರನೆಯದು ಕೆಮ್ಮಣ್ಣಿನ ಚಿತ್ರಗಳು. ಗಂಗಾವತಿ ತಾಲೂಕಿನ ಹಿರೇಬೆಣಕಲ್ಲಿನ ಮೋರೇರ ಗುಡ್ಡಕ್ಕೆ ನೂರಾರು ಕಲ್ಮನೆ ನೋಡಲು ಹೋಗುವವರು ದಾರಿಯ ಬಂಡೆಯಾಸರೆಯ ಕೆಂಪು ಚಿತ್ರಗಳನ್ನು ದಾಟಿಯೇ ಹೋಗಿಬಿಡುತ್ತಾರೆ. ಇವುಗಳಿಗೆ ಬಿಸಿಲು ತಾಗದ, ಎದುರಿನ ಬಂಡೆಯಿಂದ ಮರಳಿ ಬರುವ ಬೆಳಕು ಸಾಕು. ಮಾಸಿದ್ದರೆ ಫೋಟೋ ತೆಗೆದು ಡಿ-ಸ್ಟ್ರೆಚ್ ಎಂಬ ತಂತ್ರಾಂಶದಲ್ಲಿ ಹಾಕಿ. ಕೆಂಪಿನ ಸಣ್ಣ ವ್ಯತ್ಯಾಸವನ್ನೂ ಹಿಗ್ಗಿಸಿ ತೋರಿಸುತ್ತದೆ, ಕಣ್ಣಿಗೆ ಕಾಣದ ಜಿಂಕೆ ಪರದೆಯ ಮೇಲೆ ಬರುತ್ತದೆ. ಇಲ್ಲಿ ಓರೆ ಬೆಳಕಿನ ಆಸೆಗೆ ನಸುಕಿನಲ್ಲಿ ಗುಡ್ಡ ಹತ್ತುವುದು ತಪ್ಪು. ಆ ಸೀಮೆ ಕರಡಿಯದು, ಅವು ಓಡಾಡುವುದೂ ಅದೇ ಹೊತ್ತಿಗೆ. ಎಂಟು ಗಂಟೆ ದಾಟಿದ ಮೇಲೆ, ನಾಲ್ಕು ಜನ ಮಾತಾಡುತ್ತ ಹತ್ತಿ. ಬಂಡೆಯಾಸರೆಯಲ್ಲಿ ಹೆಜ್ಜೇನು ಕಟ್ಟಿದ್ದರೆ ಫ್ಲ್ಯಾಶ್, ಬೀಡಿ, ಅತ್ತರು ಮೂರೂ ಬೇಡ.

ಈಗ ನಿಜವಾದ ಮರುಭೂಮಿಗೆ ಹೋಗೋಣ. ಬೆಂಗಳೂರು–ಜೋಧ್‌ಪುರ ರೈಲು ಹುಬ್ಬಳ್ಳಿ ಮೇಲೆ ಹೋಗುತ್ತದೆ, ಎಲ್ಲ ದಿನ ಇಲ್ಲ, ವಾರ ನೋಡಿಕೊಳ್ಳಬೇಕು. ಜೋಧ್‌ಪುರದಿಂದ ಪೋಖರಣ್, ಲಾಠಿ, ಚಾಂದನ್ ದಾಟಿ ಜೈಸಲ್ಮೇರ್. ಈ ಊರುಗಳ ಹೆಸರನ್ನು ಗಮನದಲ್ಲಿಡಿ. ಜೈಸಲ್ಮೇರ್ ಸೀಮೆಯ ಕಲ್ಲಿನ ಪದರಗಳಿಗೆ ಭೂವಿಜ್ಞಾನಿಗಳು ಇಟ್ಟದ್ದು ಅಲ್ಲಿನ ಊರುಗಳ ಹೆಸರೇ: ಕೆಳಗಿನಿಂದ ಲಾಠಿ, ಜೈಸಲ್ಮೇರ್, ಬೈಸಾಖಿ, ಭಡಾಸರ್, ಪರಿವಾರ್, ಹಾಬೂರ್. ಪದರಗಳು ವಾಯವ್ಯಕ್ಕೆ ಬಹಳ ಸಣ್ಣಗೆ ವಾಲಿವೆ. ಹಾಗಾಗಿ ಲಾಠಿಯಿಂದ ವಾಯವ್ಯಕ್ಕೆ ಹೊರಟರೆ ಹೆಜ್ಜೆ ಹೆಜ್ಜೆಗೆ ಎಳೆಯ ಕಲ್ಲಿನ ಮೇಲೆ ಹೋಗುತ್ತೀರಿ. ಲಾಠಿಯಲ್ಲಿ ಹೊಳೆ-ಕಾಡಿನ ಮರಳುಗಲ್ಲು, ಜೈಸಲ್ಮೇರ್ ಸುತ್ತ ಕಡಲಿನ ಹಳದಿ ಸುಣ್ಣಕಲ್ಲು, ಹಾಬೂರ್ ತಲುಪುವ ಹೊತ್ತಿಗೆ ಕ್ರಿಟೇಶಿಯಸ್, ಅಂದರೆ ಡೈನೋಸಾರ್ ಯುಗದ ಕೊನೆಯ ಭಾಗದ, ಕಡಲು. ಪುಸ್ತಕದ ಪುಟ ತಿರುವಿದ ಹಾಗೆ ಗಾಡಿ ಓಡಿಸುವುದು. ಹೊರಡುವ ಮುಂಚೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂಕೋಶ್ ಜಾಲತಾಣದ ನಕ್ಷೆಯನ್ನೂ, ಸರ್ವೆ ಆಫ್ ಇಂಡಿಯಾದ 1:50,000 ಹಾಳೆಯನ್ನೂ ಜೊತೆಗಿಟ್ಟು ನೋಡಿದರೆ ಯಾವ ಕಚ್ಚಾ ರಸ್ತೆ ಯಾವ ಪದರದ ಮೇಲೆ ಹೋಗುತ್ತದೆ ಎಂದು ಮನೆಯಲ್ಲೇ ತಿಳಿಯುತ್ತದೆ.

ಮೊದಲ ದಿನ ಆಕಲ್. ಜೈಸಲ್ಮೇರ್‌ನಿಂದ ಬಾಡ್‌ಮೇರ್ ರಸ್ತೆಯಲ್ಲಿ 17 ಕಿ.ಮೀ., 21 ಹೆಕ್ಟೇರ್, ಅರಣ್ಯ ಇಲಾಖೆಯ ಸುಪರ್ದಿ, ಟಿಕೆಟ್ ಇದೆ. ಸುಮಾರು 18 ಕೋಟಿ ವರ್ಷ ಹಳೆಯ ಮರದ ದಿಮ್ಮಿಗಳು ಕಲ್ಲಾಗಿ ನೆಲದ ಮೇಲೆ ಬಿದ್ದಿವೆ. ದೊಡ್ಡವನ್ನು ತಗಡಿನ ಮಾಡು, ಜಾಲರಿಯ ಪಂಜರ ಹಾಕಿ ಕಾಯ್ದಿದ್ದಾರೆ. ಇಲ್ಲಿ ಜನ ಪಂಜರದೊಳಗಿನ ದಿಮ್ಮಿಯ ಫೋಟೋ ತೆಗೆದು ಹತ್ತು ನಿಮಿಷಕ್ಕೆ ಹೊರಡುತ್ತಾರೆ. ಸ್ವಲ್ಪ ಕೂತು ನೋಡಿ. ಗರಗಸದ ಮಿಲ್ಲಿನಲ್ಲಿ ದಿಮ್ಮಿ ಕಂಡ ಶಿರಸಿಯವರಿಗೆ ಇದು ಬೇರೆಯವರಿಗಿಂತ ಚೆನ್ನಾಗಿ ಕಾಣಬೇಕು. ನಾರು ಉದ್ದಕ್ಕೆ ಓಡುತ್ತದೆ, ಕೊಂಬೆ ಹೊರಟಲ್ಲಿ ಗಂಟಿನ ಸುತ್ತ ನಾರು ಬಾಗುತ್ತದೆ. ಮರಳಿನಡಿ ಹೂತ ಮರದೊಳಗೆ ಸಿಲಿಕಾ ಕರಗಿದ ನೀರು ಇಳಿದು, ಜೀವಕೋಶದ ಆಕಾರ ಕೆಡದ ಹಾಗೆ ತುಂಬಿಕೊಂಡಿದ್ದರಿಂದ ನಾರು ಉಳಿದಿದೆ. ಇವು ಪೈನ್ ಬಳಗದ, ಶಂಕು ಬಿಡುವ ಜಾತಿಯ ಮರಗಳು. ಸಾಗವಾನಿ, ಮತ್ತಿ, ಅಡಕೆಯ ವಂಶ ಆಗಿನ್ನೂ ಹುಟ್ಟಿರಲಿಲ್ಲ. ಕಲ್ಲೋ ಒಣಮರವೋ ಎಂಬ ಅನುಮಾನ ಬಂದರೆ ನೋಟದಲ್ಲೇ ತೀರಿಸಿಕೊಳ್ಳಿ: ಕಲ್ಲಾದ ಮರ ಸಿಬಿರು ಏಳುವುದಿಲ್ಲ, ಮುರಿದಲ್ಲಿ ಹೆಂಚಿನ ಹಾಗೆ ಚಪ್ಪಟೆ ಮುರಿದಿರುತ್ತದೆ.

ಸುಣ್ಣಕಲ್ಲಿನ ಕಡೆ ಬಂದಾಗ ಒಂದು ಮೋಸ ಕಾದಿರುತ್ತದೆ. ಕಲ್ಲಿನ ಸೀಳಿನಲ್ಲಿ ಜರೀಗಿಡದಂಥ ಕಪ್ಪು ಚಿತ್ತಾರ. ಮಲೆನಾಡಿನವರು ತಕ್ಷಣ ನಂಬಿಬಿಡುತ್ತೇವೆ, ಯಾಕೆಂದರೆ ನಮ್ಮ ಪಾಗಾರದ ತುಂಬ ಇರುವ ಗಿಡವೇ ಅದು. ಗಿಡವಲ್ಲ. ಸೀಳಿನೊಳಗೆ ನುಗ್ಗಿದ ನೀರು ಬಿಟ್ಟುಹೋದ ಮ್ಯಾಂಗನೀಸ್. ಎಲೆಗೆ ನಡುನಾಳ ಇರುತ್ತದೆ, ಕಡ್ಡಿ ಎರಡೂ ಬದಿಗೆ ಕ್ರಮದಲ್ಲಿ ಹೊರಡುತ್ತದೆ. ಮ್ಯಾಂಗನೀಸಿಗೆ ಆ ಕ್ರಮ ಇಲ್ಲ, ಸೀಳಿನ ಅಂಚಿನಿಂದ ಹೊರಟು ಸಿಕ್ಕಾಪಟ್ಟೆ ಕವಲೊಡೆಯುತ್ತದೆ. ಅಮ್ಮೊನೈಟ್, ಅಂದರೆ ಅಳಿದುಹೋದ ಒಂದು ಕಡಲಜೀವಿಯ ಸುರುಳಿ ಚಿಪ್ಪು, ಹಾಗಲ್ಲ. ಸುರುಳಿ ಹೊರಕ್ಕೆ ಬಂದಂತೆ ದಪ್ಪವಾಗುತ್ತ ಹೋಗುತ್ತದೆ, ಮೇಲೆ ಅಡ್ಡ ಏಣುಗಳಿರುತ್ತವೆ. ಏಣು ಕಾಣಬೇಕಾದರೆ ಮತ್ತೆ ಓರೆ ಬಿಸಿಲು. ಹೊತ್ತು ಮೀರಿದ್ದರೆ ಒಂದಡಿ ಕನ್ನಡಿ ಹಿಡಿದು ಬಿಸಿಲನ್ನು ಬದಿಯಿಂದ, ನೆಲಮಟ್ಟದಲ್ಲಿ ಹಾಯಿಸಿ. ಮಧ್ಯಾಹ್ನವೂ ಅರ್ಧ ಕೆಲಸ ಆಗುತ್ತದೆ.

ದಾರಿ ಕೇಳುವಾಗ ‘ಫಾಸಿಲ್’ ಎಂದರೆ ಕುರಿಗಾಹಿಗಳಿಗೆ ತಿಳಿಯದು. ಅಮ್ಮೊನೈಟ್‌ನ ಒಂದು ಫೋಟೋ ಕಾಗದದ ಮೇಲೆ ಅಚ್ಚು ಹಾಕಿಸಿ ಜೇಬಿನಲ್ಲಿಡಿ. ಢಾಣಿ, ಅಂದರೆ ನಾಲ್ಕಾರು ಮನೆಯ ಕೇರಿ, ಸಿಕ್ಕಲ್ಲಿ ಗಾಡಿ ದೂರ ನಿಲ್ಲಿಸಿ, ‘ರಾಮ್ ರಾಮ್ ಸಾ’ ಎಂದು, ಹಿರಿಯರ ಎದುರು ಕೂತು, ಆಮೇಲೆ ಕಾಗದ ತೋರಿಸಬೇಕು. ಅವರ ನೆಲದ ಮಾತೂ ನಾಲ್ಕು ಕಲಿತಿರಬೇಕು. ಮಗರಾ ಎಂದರೆ ಕಲ್ಲಿನ ದಿಬ್ಬ, ಗಾಡಿಗೆ ಗಟ್ಟಿ. ಧೋರಾ ಎಂದರೆ ಮರಳದಿಬ್ಬ. ಖಡೀನ್ ಎಂದರೆ ಮಳೆನೀರು ನಿಲ್ಲಿಸಿ ಬೆಳೆ ತೆಗೆಯುವ ತಗ್ಗು, ಮೇಲೆ ಒಣಗಿದ್ದರೂ ಒಳಗೆ ಹಸಿ, ಅದರ ಒಡ್ಡಿನ ಮೇಲೆ ಗಾಡಿ ಹತ್ತಿಸಿದರೆ ಬೈಸಿಕೊಳ್ಳುತ್ತೀರಿ. ಓರಣ್ ಎಂದರೆ ನಮ್ಮ ದೇವರಕಾಡೇ: ಒಂದು ಕಡ್ಡಿ ಮುರಿಯುವಂತಿಲ್ಲ, ಬೆಂಕಿ ಹಾಕುವಂತಿಲ್ಲ.

ಇನ್ನು ಗಾಡಿ. ಜೈಸಲ್ಮೇರ್‌ನಲ್ಲಿ ಸ್ಥಳೀಯ ಚಾಲಕನ ಸಮೇತ ಬಾಡಿಗೆಗೆ ತೆಗೆದುಕೊಳ್ಳುವುದು ಉತ್ತಮ. ನೀವೇ ಓಡಿಸುವುದಾದರೆ, ಡಾಂಬರು ಬಿಟ್ಟಿಳಿದರೆ ವಿಮೆ ಇಲ್ಲ ಎಂಬ ಸಾಲು ಕರಾರಿನಲ್ಲಿದೆಯೇ ಓದಿ. ನೆಲದಿಂದ 180–200 ಮಿ.ಮೀ. ಎತ್ತರ ಇರುವ ಗಾಡಿ ಸಾಕು. ಪಳೆಯುಳಿಕೆ ಇರುವುದು ಕಲ್ಲಿನಲ್ಲಿ, ಮರಳಿನಲ್ಲಿ ಅಲ್ಲ, ನಾಲ್ಕೂ ಚಕ್ರಕ್ಕೆ ಎಳೆತ ಇರಲೇಬೇಕೆಂದಿಲ್ಲ. ತೊಂದರೆ ಬರುವುದು ಎರಡು ಮಗರಾಗಳ ನಡುವೆ ಇನ್ನೂರು–ಮುನ್ನೂರು ಮೀಟರ್ ಹರಡಿದ ಮರಳಿನಲ್ಲಿ. ಘಟ್ಟದ ಚಾಲಕರು ಸಿಕ್ಕಿಬೀಳುವುದೂ ಅಲ್ಲೇ, ಅದೂ ಅನುಭವದ ದೆಸೆಯಿಂದಲೇ. ನಮ್ಮ ಕೆಸರಿನಲ್ಲಿ ಚಕ್ರ ಜಾರಿದರೆ ಎಕ್ಸಲರೇಟರ್ ಒತ್ತಿ, ಸ್ಟಿಯರಿಂಗ್ ಆಚೀಚೆ ಆಡಿಸಿ, ಕೆಸರು ಕಿತ್ತು ಗಟ್ಟಿನೆಲ ಹಿಡಿಯುತ್ತೇವೆ. ಮರಳಿಗೆ ಅಡಿಯಲ್ಲಿ ಗಟ್ಟಿನೆಲವೇ ಇಲ್ಲ. ಚಕ್ರ ನಾಲ್ಕು ಸುತ್ತು ಸುಮ್ಮನೆ ತಿರುಗಿತೆಂದರೆ ತನ್ನ ಗುಂಡಿ ತಾನೇ ತೋಡಿಕೊಂಡು, ಗಾಡಿಯ ಹೊಟ್ಟೆ ಮರಳಿನ ಮೇಲೆ ಕೂರುತ್ತದೆ. ಜಾರಿತೆಂದು ತಿಳಿದ ಕ್ಷಣ ಕಾಲು ತೆಗೆಯಿರಿ. ಬ್ರೇಕ್ ಕೂಡ ಜೋರಾಗಿ ಬೇಡ, ಚಕ್ರದ ಮುಂದೆ ಮರಳು ಗುಪ್ಪೆಯಾಗುತ್ತದೆ. ಇಳಿದು, ನಾಲ್ಕೂ ಚಕ್ರದ ಹಿಂದಿನ ಮರಳನ್ನು ಇಳಿಜಾರಾಗಿ ತೆಗೆದು, ಹೊಟ್ಟೆಯಡಿ ಕೈ ಹಾಯುವಷ್ಟು ಬಿಡಿಸಿ, ಗಾಳಿ ಇಳಿಸಿ, ಬಂದ ಅಚ್ಚಿನಲ್ಲೇ ಹಿಂದಕ್ಕೆ ಹೋಗಬೇಕು. ಆ ಅಚ್ಚಿನ ಮರಳು ಆಗಲೇ ಅದುಮಿ ಗಟ್ಟಿಯಾಗಿರುತ್ತದೆ.

ಗಾಳಿಯ ಲೆಕ್ಕ ಹೀಗೆ. ಡಾಂಬರಿನಲ್ಲಿ 33 ಪಿಎಸ್‌ಐ ಇರುವ ಟಯರಿಗೆ ಜಲ್ಲಿ-ಕಲ್ಲಿನ ದಾರಿಯಲ್ಲಿ 26–28. ಮರಳು ಬಂದರೆ 18. ಸಿಕ್ಕಿಬಿದ್ದಾಗ 15. ಅದಕ್ಕಿಂತ ಕೆಳಗಿಳಿದರೆ ತಿರುವಿನಲ್ಲಿ ಟಯರು ರಿಮ್ಮಿನಿಂದ ಕಳಚಬಹುದು. ಗಾಳಿ ಇಳಿದಾಗ ಟಯರು ಉದ್ದಕ್ಕೆ ಚಪ್ಪಟೆಯಾಗಿ ಭಾರ ಹಂಚಿಹೋಗುತ್ತದೆ, ಅದೇ ಗುಟ್ಟು. ಆದರೆ ಬದಿ ಉಬ್ಬುತ್ತದೆ. ಉಬ್ಬಿದ ಬದಿಗೆ ಚೂಪುಕಲ್ಲು ತಾಗಿದರೆ ಸೀಳು, ಬದಿಯ ಸೀಳಿಗೆ ಪ್ಲಗ್ ನಿಲ್ಲುವುದಿಲ್ಲ. ಆದ್ದರಿಂದ ಮರಳಿನ ಗಾಳಿಯಲ್ಲಿ ಕಲ್ಲಿನ ಮೇಲೆ ಹೋಗಬೇಡಿ, ಗಂಟೆಗೆ 30 ಕಿ.ಮೀ. ಮೀರಬೇಡಿ, ಡಾಂಬರು ಹತ್ತುವ ಮೊದಲು ತುಂಬಿಸಿ. ಓಡಿ ಬಿಸಿಯಾದ ಟಯರು ನಾಲ್ಕೈದು ಪಿಎಸ್‌ಐ ಹೆಚ್ಚು ತೋರಿಸುತ್ತದೆ, ಆ ಅಂಕಿ ನೋಡಿ ಮೋಸಹೋಗಬೇಡಿ. ಗಾಳಿ ತುಂಬುವ ಪಂಪು ಬ್ಯಾಟರಿಗೆ ಕ್ಲಿಪ್ ಹಾಕುವಂಥದ್ದಿರಲಿ. ಸಿಗರೇಟ್ ಲೈಟರಿನ ತೂತಿಗೆ ಚುಚ್ಚುವ ಪಂಪು ಎರಡನೇ ಟಯರಿಗೆ ಬರುವಷ್ಟರಲ್ಲಿ ಫ್ಯೂಸ್ ಸುಡುವುದುಂಟು; ಫೋನ್ ಚಾರ್ಜಿಂಗೂ ಅಲ್ಲಿಗೆ ಮುಗಿಯಿತು.

ಬಳ್ಳಾರಿ ಜಾಲಿಯ ಮುಳ್ಳು ಅಲ್ಲಿಯೂ ಇದೆ, ಪಂಕ್ಚರ್ ಆಗಿಯೇ ಆಗುತ್ತದೆ. ಪ್ಲಗ್ ಕಿಟ್ ಜೊತೆ ಸ್ಟೆಪ್ನಿಯ ಗಾಳಿಯನ್ನು ಹೊರಡುವ ದಿನವೇ ನೋಡಿ. ಮರಳಿನಲ್ಲಿ ಜಾಕ್ ಹಾಕಿದರೆ ಗಾಡಿ ಏಳುವ ಬದಲು ಜಾಕೇ ಇಳಿಯುತ್ತದೆ. 30 ಸೆಂ.ಮೀ. ಚೌಕದ, 18 ಮಿ.ಮೀ. ದಪ್ಪದ ಪ್ಲೈವುಡ್ ತುಂಡೊಂದು ಅಡಿಗಿಡಿ. ಶಿರಸಿಯಲ್ಲಿ ಯಾವ ಬಡಿಗರ ಅಂಗಡಿಯಲ್ಲೂ ಸಿಗುತ್ತದೆ. ಒಂದು ಸಲಿಕೆ, ಕೊಂಡಿಗೆ ಹಾಕಲು ಹಗ್ಗ. ಹಗ್ಗವನ್ನು ಬಂಪರಿಗೆ ಕಟ್ಟಬೇಡಿ. ಬಿಳಿ ಉಪ್ಪಿನ ಹೊದಿಕೆಯ ಬಯಲು ಕಂಡರೆ, ಅಲ್ಲಿ ಅದಕ್ಕೆ ರಣ್ ಅನ್ನುತ್ತಾರೆ, ಮೇಲೆ ಬೇರೆ ಗಾಡಿಯ ಅಚ್ಚಿದ್ದರೂ ಇಳಿಸಬೇಡಿ. ಹೊದಿಕೆಯ ಅಡಿ ಕೆಸರು. ನಮ್ಮ ಗಜನಿ ಗದ್ದೆಗೆ ಲಾರಿ ಇಳಿಸಿದ ಹಾಗೆ.

ನೀರು: ಚಳಿಗಾಲದಲ್ಲೂ ಒಬ್ಬರಿಗೆ ದಿನಕ್ಕೆ 5 ಲೀಟರ್. ಇಬ್ಬರು ಮೂರು ದಿನಕ್ಕೆ 30, ಗಾಡಿ ಕೆಟ್ಟರೆಂದು ಇನ್ನು 10, ಒಟ್ಟು 40. ಒಂದೇ ದೊಡ್ಡ ಕ್ಯಾನ್ ಬೇಡ, 10 ಲೀಟರಿನ ನಾಲ್ಕು ಇರಲಿ. ಒಂದು ಸೋರಿದರೂ ಮೂರು ಉಳಿಯುತ್ತವೆ. ಬೆವರು ಅಲ್ಲಿ ಕಾಣುವುದೇ ಇಲ್ಲ, ಗಾಳಿ ಹೀರಿಬಿಡುತ್ತದೆ. ಕರಾವಳಿಯವರು ಅಂಗಿ ಒದ್ದೆಯಾದರೆ ನೀರು ಕುಡಿಯುವ ರೂಢಿಯವರು, ಅಂಗಿ ಒಣಗೇ ಇರುವಾಗ ತಲೆ ತಿರುಗುತ್ತದೆ. ನವೆಂಬರಿನಿಂದ ಫೆಬ್ರವರಿ ಬಿಟ್ಟು ಬೇರೆ ತಿಂಗಳು ಯೋಚಿಸಬೇಡಿ. ರಾತ್ರಿ ಗರಗಸ ಮಂಡಲದ ಹಾವು ಇರುವ ನೆಲ, ಬೂಟು ಹಾಕುವ ಮೊದಲು ಕೊಡವಿ. ಭುರಟ್ ಎಂಬ ಹುಲ್ಲಿನ ಮುಳ್ಳುಬೀಜ ಉಣ್ಣೆಯ ಕಾಲುಚೀಲ ಕಂಡರೆ ಬಿಡುವುದಿಲ್ಲ, ನುಣುಪು ಬಟ್ಟೆ ಒಳ್ಳೆಯದು. ಇಂಬಳಕ್ಕಿಂತ ವಾಸಿ ಅನ್ನಬಹುದು, ರಕ್ತ ಹೀರುವುದಿಲ್ಲ.

ದಾರಿ ತಪ್ಪುವುದಕ್ಕೆ ಒಂದು ಸಾಮಾನ್ಯ ಕಾರಣವಿದೆ. ಹಳೆಯ ಲೇಖನದಲ್ಲಿ ಸ್ಥಳವನ್ನು 26 ಡಿಗ್ರಿ 50 ಮಿನಿಟ್ ಎಂದು ಬರೆದಿರುತ್ತಾರೆ. ಫೋನಿನಲ್ಲಿ 26.50 ಎಂದು ಒತ್ತುತ್ತೇವೆ. 50 ಮಿನಿಟ್ ಎಂದರೆ 0.833 ಡಿಗ್ರಿ. ಈ ಒಂದು ಚುಕ್ಕೆಯಿಂದ ಸುಮಾರು 37 ಕಿ.ಮೀ. ದಕ್ಷಿಣಕ್ಕೆ ಹೋಗಿ ನಿಲ್ಲುತ್ತೀರಿ. ನಕ್ಷೆಯನ್ನು ಸಿಗ್ನಲ್ ಇರುವಾಗಲೇ ಇಳಿಸಿಕೊಳ್ಳಿ, ಡಾಂಬರು ಬಿಟ್ಟ ಜಾಗವನ್ನು ಗುರುತು ಹಾಕಿ, ಬಂದ ಹಾದಿಯನ್ನು ಫೋನ್ ದಾಖಲಿಸುತ್ತಿರಲಿ.

ಈಗ ಹಿಂದಕ್ಕೆ ಎಣಿಸೋಣ. ಡಿಸೆಂಬರಿನ ಒಂದು ಸಂಜೆ ಹಾಬೂರ್ ಕಡೆಯ ದಿಬ್ಬ ಎಂದಿಟ್ಟುಕೊಳ್ಳಿ. ಸೂರ್ಯ ಮುಳುಗುವುದು 5:50ರ ಸುಮಾರಿಗೆ. ಒಳ್ಳೆಯ ಬೆಳಕು 4:05ರಿಂದ. ಕತ್ತಲಾಗುವ ಮೊದಲು ಡಾಂಬರು ಹಿಡಿಯಬೇಕಾದರೆ 5:20ಕ್ಕೆ ಕಲ್ಲಿನಿಂದ ಎದ್ದುಬಿಡಬೇಕು. ಕೈಯಲ್ಲಿ ಇರುವುದು ಒಂದೂಕಾಲು ತಾಸು. ಕಲ್ಲು ಎಲ್ಲಿದೆ ಎಂದು ಹುಡುಕಲಿಕ್ಕೆ ಅದಕ್ಕೆ ಮೊದಲು ಒಂದು ತಾಸು, ಅಂದರೆ ಮೂರಕ್ಕೆ ಅಲ್ಲಿರಬೇಕು. ಕಚ್ಚಾ ದಾರಿ 10 ಕಿ.ಮೀ.ಗೆ ಮುಕ್ಕಾಲು ತಾಸು, ಗಾಳಿ ಇಳಿಸಲು ಕಾಲು ತಾಸು, ಡಾಂಬರಿನಲ್ಲಿ ಒಂದು ತಾಸು. ಜೈಸಲ್ಮೇರ್ ಬಿಡುವುದು ಒಂದು ಗಂಟೆಗೆ. ಊಟ ಅದಕ್ಕೂ ಮೊದಲು. ನಿದ್ದೆ ಸಂಜೆ ಕಳೆದ ಮೇಲೆ.

ಕಾಗದಪತ್ರದ ಮಾತು ಚಿಕ್ಕದಾಗಿ. ಗಡಿಯ ಹತ್ತಿರದ ಊರುಗಳಿಗೆ ಹೋಗುವ ಮುಂಚೆ ಜಿಲ್ಲಾಡಳಿತದಲ್ಲಿ ಕೇಳಿ. ಉಪಗ್ರಹ ಫೋನನ್ನು ಅನುಮತಿ ಇಲ್ಲದೆ ಇಟ್ಟುಕೊಳ್ಳುವುದೇ ಅಪರಾಧ. ಡ್ರೋನ್ ಮನೆಯಲ್ಲೇ ಇರಲಿ. ಪೋಖರಣ್ ಸುತ್ತ ಸೇನೆಯ ಗುಂಡಿನ ಅಭ್ಯಾಸದ ನೆಲ ಇದೆ. ಬಿದ್ದ ಲೋಹದ ತುಂಡು ಯಾವುದನ್ನೂ ಮುಟ್ಟಬೇಡಿ, ಅದು ಪಳೆಯುಳಿಕೆಯಲ್ಲ, ಇನ್ನೂ ಜೀವಂತ ಇರಬಹುದು.

ಲಡಾಖಿನದು ತಣ್ಣನೆಯ ಮರುಭೂಮಿ, ಬೇರೆಯೇ ಉಪನ್ಯಾಸವಾಗುತ್ತದೆ. ಸಿಂಧೂ ದಂಡೆಯಲ್ಲಿ ಆಲ್ಚಿ, ಡೊಮ್‌ಖರ್ ಮುಂತಾದಲ್ಲಿ ಕಪ್ಪು ಹೊಳಪಿನ ಬಂಡೆಗಳ ಮೇಲೆ ಕಾಡುಮೇಕೆ, ಬಿಲ್ಲುಗಾರ, ಸ್ತೂಪ. ಕಪ್ಪು ಹೊಳಪು ಎಂದರೆ ಕಬ್ಬಿಣ-ಮ್ಯಾಂಗನೀಸಿನ ಪೊರೆ, ಒಂದು ಮಿ.ಮೀ. ಕೂಡ ದಪ್ಪ ಇಲ್ಲ. ಕಪ್ಪಗಲ್ಲಿನ ಹಾಗೇ ನೆರಳಿನಲ್ಲಿ ನೋಡಬೇಕು. ಲೇಹ್ 3,500 ಮೀಟರ್ ಎತ್ತರ, ಇಳಿದ ಮೇಲೆ ಎರಡು ದಿನ ಸುಮ್ಮನೆ ಕೂರದೆ ಕಲ್ಲು ಹುಡುಕಲು ಓಡಿದವರು ಆಸ್ಪತ್ರೆ ನೋಡಿ ಬರುತ್ತಾರೆ. ರಸ್ತೆ ಅಗಲ ಮಾಡುವಾಗ ಅಲ್ಲಿ ಎಷ್ಟೋ ಚಿತ್ರಬಂಡೆಗಳು ಒಡೆದು ಜಲ್ಲಿಯಾಗಿವೆ.

ಕಲ್ಲಿನ ಎದುರು ಏನು ಮಾಡಬಾರದು? ಗೀರಿಗೆ ಸೀಮೆಸುಣ್ಣ ತುಂಬಬೇಡಿ. ಮೊದಲು ತುಂಬಿದವರು ತಪ್ಪಾಗಿ ಗೆರೆ ಎಳೆದಿದ್ದರೆ ಎರಡನೆಯವರಿಗೆ ಕಾಣುವುದು ಆ ತಪ್ಪೇ. ನೀರು ಚಿಮುಕಿಸಬೇಡಿ. ಒದ್ದೆಯಾದರೆ ಬಣ್ಣ ಒಂದು ಗಳಿಗೆ ಹೊಳೆಯುತ್ತದೆ ನಿಜ, ಆದರೆ ಆ ನೀರು ಕಲ್ಲಿನೊಳಗಿನ ಉಪ್ಪನ್ನು ಕರಗಿಸಿ ಮೇಲಕ್ಕೆ ತಂದು ಹರಳುಗಟ್ಟಿಸುತ್ತದೆ, ಮೇಲ್ಮೈ ಹಪ್ಪಳೆಯಾಗಿ ಏಳುತ್ತದೆ. ಕಾರವಾರದ ಮನೆಗಳ ಗೋಡೆಯಲ್ಲಿ ಬಣ್ಣ ಉದುರುವುದನ್ನು ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಫೋಟೋ ತೆಗೆಯುವಾಗ ಕಪ್ಪು-ಬಿಳುಪಿನ 10 ಸೆಂ.ಮೀ. ಅಳತೆಪಟ್ಟಿ ಚಿತ್ರದ ಪಕ್ಕದಲ್ಲಿರಲಿ, ಮೇಲಲ್ಲ. ನೇರ ಒಂದು, ಓರೆ ಬೆಳಕಿನದು ಒಂದು, ಸುತ್ತಲ ಗುಡ್ಡ ಕಾಣುವಂತೆ ಒಂದು. ಹಂಚಿಕೊಳ್ಳುವ ಮೊದಲು ಫೋಟೋದಲ್ಲಿ ಅಡಗಿರುವ ಸ್ಥಳದ ಅಂಕಿ ಅಳಿಸಿ.

ಸಭೆಯಲ್ಲಿ ಹಿರಿಯರೊಬ್ಬರು ಕೇಳಿದರು: ನೆಲದ ಮೇಲೆ ಸುಮ್ಮನೆ ಬಿದ್ದ ಸಣ್ಣ ತುಂಡನ್ನು ತಂದರೆ ಏನಾಗುತ್ತದೆ? ಸಂರಕ್ಷಿತ ಸ್ಮಾರಕಗಳಿಗೆ 1958ರ ಕಾಯ್ದೆ ಇದೆ, ಪುರಾತನ ವಸ್ತುಗಳಿಗೆ 1972ರದು ಇದೆ, ಅಭಯಾರಣ್ಯದಿಂದ ಏನನ್ನೂ ಎತ್ತುವಂತಿಲ್ಲ. ಪಳೆಯುಳಿಕೆಯೂ ಸೇರಿದ ಭೂಪರಂಪರೆಯ ರಕ್ಷಣೆಗೆ ಒಂದು ಕಾಯ್ದೆ ತರಲು 2022ರಲ್ಲಿ ಕರಡು ಬಂದಿತ್ತು. ಕಾನೂನು ಬದಿಗಿರಲಿ. ತುಂಡು ಯಾವ ಪದರದ ಮೇಲೆ, ಯಾವ ಮುಖವಾಗಿ ಬಿದ್ದಿತ್ತು ಎಂಬುದರಲ್ಲೇ ಅದರ ವಯಸ್ಸಿನ ಸುಳಿವಿದೆ. 2023ರಲ್ಲಿ ಜೈಸಲ್ಮೇರ್ ಪದರದಿಂದ ವರದಿಯಾದ, 16.7 ಕೋಟಿ ವರ್ಷ ಹಳೆಯ ಥಾರೋಸಾರಸ್ ಎಂಬ ಡೈನೋಸಾರ್‌ಗೆ ವಯಸ್ಸು ಹೇಳಲು ಸಾಧ್ಯವಾದದ್ದು ಮೂಳೆ ಪದರದಲ್ಲೇ ಇದ್ದುದರಿಂದ. ನಿಮ್ಮ ಶೋಕೇಸಿಗೆ ಬಂದ ಮೂಳೆಗೆ ವಯಸ್ಸಿಲ್ಲ.

ಅಂಗಡಿಯಲ್ಲಿ ಮಾರುವ ಹಾಬೂರ್ ಕಲ್ಲಿನ ಲೋಟ ತರಬಹುದೇ ಎಂದು ಇನ್ನೊಬ್ಬರ ಪ್ರಶ್ನೆ. ಆ ಕಲ್ಲಿನ ತುಂಬ ಕಡಲಜೀವಿಗಳ ಚಿಪ್ಪಿದೆ, ಅದರಲ್ಲಿ ಹಾಲು ಹಾಕಿಟ್ಟರೆ ಹೆಪ್ಪಿಲ್ಲದೆ ಮೊಸರಾಗುತ್ತದೆ ಎಂದು ಮಾರುತ್ತಾರೆ. ಕ್ವಾರಿಯಿಂದ ಕಟ್ಟಡಕ್ಕೆ ತೆಗೆದ ಕಲ್ಲಿನ ತುಂಡಿನಿಂದ ಮಾಡಿದ್ದು, ಅದಕ್ಕೆ ಅಡ್ಡಿಯಿಲ್ಲ. ಅದೇ ಅಂಗಡಿಯ ಮೂಲೆಯಲ್ಲಿ ಬುಟ್ಟಿಯಲ್ಲಿ ಬಿಡಿ ಅಮ್ಮೊನೈಟ್ ಇಟ್ಟಿದ್ದರೆ ಮುಟ್ಟಬೇಡಿ. ಅದನ್ನು ಯಾರೋ ದಿಬ್ಬದಿಂದ ಕಿತ್ತು ತಂದಿರುತ್ತಾರೆ, ನೀವು ಕೊಂಡರೆ ನಾಳೆ ಇನ್ನೊಂದು ಕೀಳುತ್ತಾರೆ. ಲೋಟ ತಂದರೂ ಮೊಸರಿಗೆ ಮನೆಯ ಹೆಪ್ಪೇ ಇರಲಿ.